ರೈತ ಕುಟುಂಬಕ್ಕೆ ಆರೋಗ್ಯ ವಿಮೆ: ಮನೆಯಲ್ಲಿ ಯಾರಿಗೆ ಯಾವುದು?

ಬೆಳೆಗೆ ರೋಗ ತಗುಲಿದರೆ ಒಂದು ಹಂಗಾಮಿನ ಆದಾಯ ಕೈತಪ್ಪುತ್ತದೆ. ಮನೆಯಲ್ಲಿ ದುಡಿಯುವವರು ಆಸ್ಪತ್ರೆ ಸೇರಿದರೆ ಆದಾಯ ನಿಲ್ಲುವುದರ ಜೊತೆಗೆ ಹಸು, ಒಡವೆ, ಕೆಲವೊಮ್ಮೆ ಜಮೀನೂ ಕೈಬಿಡುವ ಸಂದರ್ಭ ಬರುತ್ತದೆ. ಚಿಕ್ಕಬಳ್ಳಾಪುರದ ಹೂ ಮತ್ತು ದ್ರಾಕ್ಷಿ ಬೆಳೆಗಾರರು, ಶಿಡ್ಲಘಟ್ಟದ ರೇಷ್ಮೆ ಕೃಷಿಕರು, ಚಿಂತಾಮಣಿಯ ಟೊಮ್ಯಾಟೊ ಬೆಳೆಗಾರರು, ಗೌರಿಬಿದನೂರಿನ ಮುಸುಕಿನ ಜೋಳದ ರೈತರು ಬೆಳೆ ವಿಮೆ ಹಾಗೂ ರಾಸುಗಳ ವಿಮೆಯ ವಿಷಯ ಬಲ್ಲವರೇ ಆಗಿದ್ದಾರೆ. ಆದರೆ ಮನೆಯ ಜನರ ವಿಮೆಯ ವಿಷಯದಲ್ಲಿ ಏಜೆಂಟರು ತೋರಿಸಿದ ಕಡೆ ಸಹಿ ಹಾಕುವುದೇ ಹೆಚ್ಚು. ಒಂದೇ ಜಮೀನಿನಲ್ಲಿ ಕೆಂಪು ಮಣ್ಣಿನ ದಿಣ್ಣೆಗೆ ಒಂದು ತಳಿ, ಕೆರೆಯ ಕೆಳಗಿನ ಗದ್ದೆಗೆ ಇನ್ನೊಂದು ತಳಿ ಆರಿಸುವಂತೆಯೇ ಒಂದೇ ಮನೆಯಲ್ಲಿ ವಯಸ್ಸು, ಕೆಲಸ ಮತ್ತು ಕಾಯಿಲೆಗಳನ್ನು ನೋಡಿ ವಿಮೆಯನ್ನು ಆರಿಸಬೇಕಾಗುತ್ತದೆ.

ಮೊದಲು ಇರುವುದನ್ನು ಲೆಕ್ಕ ಹಾಕಿ

ಖಾಸಗಿ ಪಾಲಿಸಿ ಕೊಳ್ಳುವ ಮೊದಲು, ಕಡಿಮೆ ಖರ್ಚಿನಲ್ಲಿ ಅಥವಾ ಖರ್ಚಿಲ್ಲದೆ ದೊರೆಯತಕ್ಕ ಸೌಲಭ್ಯಗಳು ಯಾವುವೆಂದು ತಿಳಿಯುವುದು ಅವಶ್ಯಕ.

1. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ: 2018ರ ಮಾರ್ಚ್‌ನಲ್ಲಿ ರಾಜ್ಯದಲ್ಲಿ ಆರಂಭವಾದ ಆರೋಗ್ಯ ಕರ್ನಾಟಕ ಯೋಜನೆಯು ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯೊಡನೆ ಸೇರಿತು. ಬಿ.ಪಿ.ಎಲ್. ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಎ.ಪಿ.ಎಲ್. ಚೀಟಿಯ ಕುಟುಂಬಕ್ಕೆ ನಿಗದಿತ ದರದ ಶೇಕಡಾ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮೀರದಂತೆ, ಸರ್ಕಾರ ಭರಿಸುತ್ತದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಇಲ್ಲದ ಚಿಕಿತ್ಸೆಗೆ ಶಿಫಾರಸು ಪತ್ರ ಪಡೆದು ಖಾಸಗಿ ಆಸ್ಪತ್ರೆಗೆ ಹೋಗಬೇಕು. ನಿಗದಿಪಡಿಸಿದ ತುರ್ತು ಚಿಕಿತ್ಸೆಗಳಿಗೆ ಈ ಪತ್ರದ ಅಗತ್ಯವಿಲ್ಲ.

2. ಯಶಸ್ವಿನಿ: ಸಹಕಾರ ಸಂಘಗಳ ಸದಸ್ಯರಿಗಾಗಿ 2002ರ ನವೆಂಬರ್‌ನಲ್ಲಿ ಉದ್ಘಾಟನೆಗೊಂಡು 2003ರ ಜೂನ್ 1ರಿಂದ ಜಾರಿಗೆ ಬಂದ ಯೋಜನೆಯಿದು. ತಿಂಗಳಿಗೆ 5 ರೂಪಾಯಿ, ಎಂದರೆ ವರ್ಷಕ್ಕೆ 60 ರೂಪಾಯಿ ಕಂತಿನಲ್ಲಿ ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದ್ದರು. ಹಳ್ಳಿಯವರಿಂದ ಸಣ್ಣ ಕಂತು ಒಟ್ಟುಗೂಡಿಸಿ ದೊಡ್ಡ ಶಸ್ತ್ರಚಿಕಿತ್ಸೆಯ ವೆಚ್ಚ ಭರಿಸಬಹುದೆಂದು ಇದು ತೋರಿಸಿಕೊಟ್ಟಿತು. 2018ರಲ್ಲಿ ನಿಂತುಹೋಗಿದ್ದ ಯೋಜನೆಗೆ 2022ರ ನವೆಂಬರ್‌ನಲ್ಲಿ ಪುನಃ ನೋಂದಣಿ ಆರಂಭವಾಗಿ, 2023ರ ಜನವರಿಯಿಂದ ಚಿಕಿತ್ಸೆ ದೊರೆಯತೊಡಗಿತು. ಆಗ ನಿಗದಿಯಾದ ದರದಂತೆ ಗ್ರಾಮಾಂತರದ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಹೆಚ್ಚಿನ ಪ್ರತಿ ಸದಸ್ಯರಿಗೆ 100 ರೂಪಾಯಿ. ಕುಟುಂಬಕ್ಕೆ ವಾರ್ಷಿಕ ಮಿತಿ 5 ಲಕ್ಷ ರೂಪಾಯಿ. ತಂದೆ ತಾಯಿಯರನ್ನೂ ಸೇರಿಸಬಹುದು. ಹಾಲು ಉತ್ಪಾದಕರ ಸಂಘದ ಅಥವಾ ಪ್ರಾಥಮಿಕ ಕೃಷಿ ಪತ್ತಿನ ಸಂಘದ ಕಾರ್ಯದರ್ಶಿಯವರಲ್ಲಿ ನೋಂದಣಿಯ ದಿನಾಂಕವನ್ನು ಮೊದಲೇ ವಿಚಾರಿಸಿಕೊಳ್ಳತಕ್ಕದ್ದು. ಗಡುವು ಮುಗಿದರೆ ಮುಂದಿನ ಸಾಲಿನವರೆಗೆ ಕಾಯಬೇಕಾಗುತ್ತದೆ.

3. ಇ.ಎಸ್.ಐ.: ಗೌರಿಬಿದನೂರಿನ ಕೈಗಾರಿಕಾ ಪ್ರದೇಶದಲ್ಲೋ ದೊಡ್ಡಬಳ್ಳಾಪುರದಲ್ಲೋ ಮಗ ಅಥವಾ ಮಗಳು ಕಾರ್ಖಾನೆಯ ಕೆಲಸದಲ್ಲಿದ್ದು, ತಿಂಗಳ ವೇತನ 21,000 ರೂಪಾಯಿ ಮೀರದಿದ್ದರೆ ಈ ವಿಮೆ ಕಾನೂನಿನಂತೆ ದೊರೆಯಬೇಕು. ವೇತನದಿಂದ ಕಡಿತವಾಗುವುದು ಶೇಕಡಾ 0.75 ಮಾತ್ರ. ನಿಯಮಕ್ಕೊಳಪಟ್ಟು ಅವಲಂಬಿತ ತಂದೆ ತಾಯಿಯರಿಗೂ ಚಿಕಿತ್ಸೆ ಸಿಗುತ್ತದೆ. ಇದನ್ನು ತಿಳಿಯದೆ ಅದೇ ಮಗನಿಗೆ ಬೇರೆ ಪಾಲಿಸಿ ಮಾಡಿಸಿ ಹಣ ಕಳೆಯುವವರು ಉಂಟು.

4. ಎಪ್ಪತ್ತು ದಾಟಿದವರಿಗೆ: ಆದಾಯದ ಮಿತಿಯಿಲ್ಲದೆ 70 ವರ್ಷ ತುಂಬಿದವರಿಗೆಲ್ಲ 5 ಲಕ್ಷ ರೂಪಾಯಿವರೆಗಿನ ಆಯುಷ್ಮಾನ್ ಸೌಲಭ್ಯವನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಪ್ರಕಟಿಸಿತು. ಕಾರ್ಡಿನ ವಿಷಯವನ್ನು ತಾಲ್ಲೂಕು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸಬೇಕು. ಕಾರ್ಡು ಕೈಸೇರುವವರೆಗೆ ಇದೊಂದನ್ನೇ ನೆಚ್ಚಿ ಕೂರುವುದು ಸರಿಯಲ್ಲ.

ಖಾಸಗಿ ವಿಮೆ ಯಾರಿಗೆ ಅವಶ್ಯಕ?

ಬಿ.ಪಿ.ಎಲ್. ಚೀಟಿಯಿದ್ದು, ಯಶಸ್ವಿನಿಗೂ ಸೇರಿದ ಕುಟುಂಬ ಸಾಲ ಮಾಡಿ ಖಾಸಗಿ ಪಾಲಿಸಿ ಕೊಳ್ಳಬೇಕಾಗಿಲ್ಲ. ನಾಲ್ಕಾರು ಎಕರೆ ನೀರಾವರಿ, ಎ.ಪಿ.ಎಲ್. ಚೀಟಿ ಇರುವ ಮಧ್ಯಮ ರೈತನ ಸ್ಥಿತಿ ಬೇರೆ. ಆತನಿಗೆ ಸರ್ಕಾರದ ಪಾಲು ಶೇಕಡಾ 30 ಮಾತ್ರ. ಯಶಸ್ವಿನಿಯಲ್ಲಿ ಮುಖ್ಯವಾಗಿ ನಿಗದಿತ ಶಸ್ತ್ರಚಿಕಿತ್ಸೆಗಳು, ಗೊತ್ತುಪಡಿಸಿದ ಆಸ್ಪತ್ರೆಗಳ ಸಾಮಾನ್ಯ ವಾರ್ಡಿನಲ್ಲಿ ದೊರೆಯುತ್ತವೆ. ಜ್ವರ, ಶ್ವಾಸಕೋಶದ ಸೋಂಕು ಮುಂತಾಗಿ ಔಷಧೋಪಚಾರದಿಂದಲೇ ಗುಣವಾಗುವ ಕಾಯಿಲೆಗೆ ವಾರಗಟ್ಟಲೆ ಆಸ್ಪತ್ರೆಯಲ್ಲಿರಬೇಕಾಗಿ ಬಂದರೆ ಆ ಖರ್ಚು ಆತನ ಮೇಲೆಯೇ ಬೀಳುವ ಸಂಭವ ಹೆಚ್ಚು. ಖಾಸಗಿ ವಿಮೆಯ ಉಪಯೋಗ ಇಂಥವರಿಗೆ.

ಬಿತ್ತನೆ ಬೀಜದ ಚೀಲದ ಚೀಟಿಯನ್ನು ಓದದೆ ಬೀಜ ಕೊಳ್ಳುವ ರೈತನಿಲ್ಲ. ಆದರೆ ಪಾಲಿಸಿಯ ಷರತ್ತುಗಳು ಕಂಪನಿಯಿಂದ ಕಂಪನಿಗೆ ಬೇರೆಯಾಗಿ ಓದುವವರನ್ನು ಗೊಂದಲಕ್ಕೆ ಈಡುಮಾಡುತ್ತಿದ್ದವು. ಇದನ್ನು ನಿವಾರಿಸಲು ವಿಮಾ ನಿಯಂತ್ರಣ ಪ್ರಾಧಿಕಾರವು 2020ರ ಏಪ್ರಿಲ್ 1ರಿಂದ 'ಆರೋಗ್ಯ ಸಂಜೀವಿನಿ' ಎಂಬ ಒಂದೇ ಮಾದರಿಯ ಪಾಲಿಸಿಯನ್ನು ಜಾರಿಗೆ ತಂದಿತು. ಷರತ್ತುಗಳು ಎಲ್ಲ ಕಂಪನಿಗಳಲ್ಲೂ ಒಂದೇ. ಕಂತಿನ ದರ ಮಾತ್ರ ಬೇರೆ. ಆದುದರಿಂದ ಮೂರು ನಾಲ್ಕು ಕಂಪನಿಗಳ ದರ ಕೇಳಿ ಹೋಲಿಸುವುದು ಸುಲಭ. ಹೊಸದಾಗಿ ಕೊಳ್ಳುವವರಿಗೆ ಇದು ಒಳ್ಳೆಯ ಅಳತೆಗೋಲು. ಇದರಲ್ಲಿ ಹೆರಿಗೆ ವೆಚ್ಚ ಸೇರಿಲ್ಲ; ಹೊರರೋಗಿ ಚಿಕಿತ್ಸೆಯೂ ಇಲ್ಲ. ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇಕಡಾ 18ರ ಜಿ.ಎಸ್.ಟಿ.ಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಲಾಗಿದೆ.

ಪಾಲಿಸಿಯಲ್ಲಿ ನೋಡಬೇಕಾದ ನಾಲ್ಕು ಅಂಶಗಳು

ಕಾಯುವ ಅವಧಿ: ಪಾಲಿಸಿ ಮಾಡಿಸಿದ ಮೊದಲ 30 ದಿನಗಳಲ್ಲಿ ಅಪಘಾತವೊಂದನ್ನು ಬಿಟ್ಟು ಬೇರೆ ಕಾಯಿಲೆಗೆ ಹಣ ಬರುವುದಿಲ್ಲ. ಅಂಡವಾಯು, ಮೂಲವ್ಯಾಧಿ, ಕಣ್ಣಿನ ಪೊರೆ, ಮೂತ್ರಕೋಶದ ಕಲ್ಲು, ಗರ್ಭಕೋಶ ತೆಗೆಯುವುದು ಮುಂತಾದುವಕ್ಕೆ ಆರೋಗ್ಯ ಸಂಜೀವಿನಿಯಲ್ಲಿ ಎರಡು ವರ್ಷ ಕಾಯಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಮೊದಲಾಗಿ ಪಾಲಿಸಿಗೆ ಮುಂಚೆಯೇ ಇದ್ದ ಕಾಯಿಲೆಗಳಿಗೆ ಕಾಯುವ ಅವಧಿ ಮೂರು ವರ್ಷ ಮೀರಬಾರದೆಂದು 2024ರಲ್ಲಿ ನಿಯಮವಾಗಿದೆ. ಆದುದರಿಂದ ನೋವು ಕಾಣಿಸಿಕೊಂಡ ಮೇಲೆ ವಿಮೆ ಮಾಡಿಸುವುದು, ಬೆಳೆ ಒಣಗಿದ ಮೇಲೆ ಕೊಳವೆಬಾವಿ ಕೊರೆಸಿದಂತೆ.

ಈ ಭಾಗದಲ್ಲಿ ಆಳವಾದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹಲವೆಡೆ ಹೆಚ್ಚಿದ್ದು, ಕೀಲುನೋವು, ಬೆನ್ನು ಬಿಗಿತ ಸಾಮಾನ್ಯ. ಮಂಡಿ ಕೀಲು ಬದಲಾವಣೆಗೆ ಕಾಯುವ ಅವಧಿ ದೀರ್ಘವಾಗಿರುವುದನ್ನು ಇಲ್ಲಿನವರು ವಿಶೇಷವಾಗಿ ಗಮನಿಸಬೇಕು.

ಕೊಠಡಿ ಬಾಡಿಗೆ: ಹೆಚ್ಚು ಜನ ಪೆಟ್ಟು ತಿನ್ನುವುದು ಇಲ್ಲಿಯೇ. ಆರೋಗ್ಯ ಸಂಜೀವಿನಿಯಲ್ಲಿ ದಿನದ ಕೊಠಡಿ ಬಾಡಿಗೆ ವಿಮಾ ಮೊತ್ತದ ಶೇಕಡಾ 2, ಅದೂ 5,000 ರೂಪಾಯಿ ಮೀರುವಂತಿಲ್ಲ. 2 ಲಕ್ಷ ರೂಪಾಯಿ ಪಾಲಿಸಿಗೆ ದಿನಕ್ಕೆ 4,000 ರೂಪಾಯಿ. ರೋಗಿ 8,000 ರೂಪಾಯಿ ಕೊಠಡಿಯಲ್ಲಿ ಐದು ದಿನ ಇದ್ದರೆಂದು ಭಾವಿಸೋಣ. ಕೊಠಡಿಗೆ 40,000, ವೈದ್ಯರು, ಶುಶ್ರೂಷೆ ಮತ್ತು ಶಸ್ತ್ರಚಿಕಿತ್ಸಾ ಕೊಠಡಿಗೆ 60,000, ಔಷಧಿ ಹಾಗೂ ಪರೀಕ್ಷೆಗೆ 30,000, ಒಟ್ಟು 1,30,000 ರೂಪಾಯಿ ಬಿಲ್ಲು. ಕೊಠಡಿ ಮಿತಿಗಿಂತ ಎರಡು ಪಟ್ಟಾದುದರಿಂದ ಬಾಡಿಗೆಯ ಜೊತೆಗೆ ವೈದ್ಯರ ಶುಲ್ಕ ಮುಂತಾದುದೂ ಅರ್ಧಕ್ಕೆ ಇಳಿಯುತ್ತದೆ. ಔಷಧಿ, ಪರೀಕ್ಷೆಗಳಿಗೆ ಈ ಕಡಿತವಿಲ್ಲ. ಹೀಗೆ 20,000, 30,000 ಮತ್ತು 30,000 ಸೇರಿ 80,000 ರೂಪಾಯಿ ಅಂಗೀಕಾರವಾಗುತ್ತದೆ. ಅದರಲ್ಲಿ ಶೇಕಡಾ 5, ಎಂದರೆ 4,000 ರೂಪಾಯಿ ರೋಗಿಯ ಪಾಲು. ಕಂಪನಿ ಕೊಡುವುದು 76,000. ಮನೆಯವರು ಕೊಡಬೇಕಾದುದು 54,000 ರೂಪಾಯಿ. ಅದೇ ರೋಗಿ 4,000 ರೂಪಾಯಿ ಕೊಠಡಿಯಲ್ಲಿದ್ದು ಉಳಿದ ದರ ಬದಲಾಗದಿದ್ದರೆ ಬಿಲ್ಲು 1,10,000. ಮನೆಯವರ ಪಾಲು 5,500 ರೂಪಾಯಿ ಮಾತ್ರ. ಆಸ್ಪತ್ರೆಗೆ ಸೇರಿಸುವಾಗ ಆತಂಕದಲ್ಲಿ "ಒಳ್ಳೆಯ ರೂಮೇ ಕೊಡಿ" ಎನ್ನುವ ಒಂದು ಮಾತಿಗೆ ಇಷ್ಟು ಬೆಲೆ.

ಆಸ್ಪತ್ರೆಗಳ ಪಟ್ಟಿ: ಗೌರಿಬಿದನೂರಿನ ಗಡಿಹಳ್ಳಿಗಳವರು ಹಿಂದೂಪುರಕ್ಕೆ, ಚಿಂತಾಮಣಿಯವರು ಕೋಲಾರಕ್ಕೆ ಅಥವಾ ಮದನಪಲ್ಲಿಗೆ, ಚಿಕ್ಕಬಳ್ಳಾಪುರ ಮತ್ತು ಶಿಡ್ಲಘಟ್ಟದವರು ಬೆಂಗಳೂರಿಗೆ ಹೋಗುವುದು ರೂಢಿ. ತಾವು ನಿಜವಾಗಿ ಹೋಗುವ ಆಸ್ಪತ್ರೆ ಕಂಪನಿಯ ನಗದುರಹಿತ ಚಿಕಿತ್ಸೆಯ ಪಟ್ಟಿಯಲ್ಲಿದೆಯೇ ಎಂದು ಹಣ ಕಟ್ಟುವ ಮೊದಲು ನೋಡಬೇಕು. ಹೊರರಾಜ್ಯದ ಆಸ್ಪತ್ರೆಯಲ್ಲಿ ರಾಜ್ಯದ ಯೋಜನೆಗಳು ನಡೆಯುತ್ತವೆಂದು ಊಹಿಸಿಕೊಂಡು ಹೊರಡಬಾರದು.

ಅರ್ಜಿಯಲ್ಲಿ ಸತ್ಯ: ಕಾಯಿಲೆ ಇದೆಯೇ ಎಂಬ ಪ್ರಶ್ನೆಗಳಿಗೆಲ್ಲ ಏಜೆಂಟರೇ 'ಇಲ್ಲ' ಎಂದು ಗುರುತು ಹಾಕುವುದುಂಟು. ಆಗ ಪಾಲಿಸಿ ಬೇಗ ಸಿಗುತ್ತದೆ, ಹಣ ಬೇಕಾದಾಗ ಸಿಗುವುದಿಲ್ಲ. ಸಕ್ಕರೆ, ರಕ್ತದೊತ್ತಡ, ಹಳೆಯ ಶಸ್ತ್ರಚಿಕಿತ್ಸೆ, ಬೀಡಿ ಸೇವನೆ ಎಲ್ಲವನ್ನೂ ಬರೆಯಿಸಬೇಕು. ನೂಲು ಬಿಚ್ಚುವ ಕೆಲಸದವರಿಗೂ ಹುಳುಮನೆಯಲ್ಲಿ ಸೋಂಕುನಿವಾರಕ ಬಳಸುವವರಿಗೂ ಉಬ್ಬಸ ಇದ್ದರೆ ಅದನ್ನೂ ಮುಚ್ಚಿಡಬಾರದು. ಪಾಲಿಸಿ ಕೈಗೆ ಬಂದ 30 ದಿನಗಳೊಳಗೆ ಒಪ್ಪಿಗೆಯಾಗದಿದ್ದರೆ ಹಿಂತಿರುಗಿಸುವ ಹಕ್ಕಿದೆ. ಆ ಅವಧಿಯಲ್ಲಿ ಓದು ಬಲ್ಲವರಿಂದ ಅರ್ಜಿಯ ಪ್ರತಿಯನ್ನು ಓದಿಸಿ ತಪ್ಪಿದ್ದರೆ ತಿದ್ದಿಸಬೇಕು.

ಮನೆಯವರಿಗೆ ಹಂಚುವ ಬಗೆ

ಶಿಡ್ಲಘಟ್ಟದ ಕಡೆಯ ಆರು ಜನರ ಒಂದು ಕುಟುಂಬವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಎ.ಪಿ.ಎಲ್. ಚೀಟಿ, ಅಜ್ಜನಿಗೆ 72, ಅಜ್ಜಿಗೆ 66, ಯಜಮಾನನಿಗೆ 46, ಹೆಂಡತಿಗೆ 40, ಕಾರ್ಖಾನೆಯಲ್ಲಿರುವ ಮಗನಿಗೆ 22, ಓದುವ ಮಗಳಿಗೆ 17 ವರ್ಷ. ಮನೆಯಲ್ಲಿ ಎರಡು ಹಸು, ಹಾಲಿನ ಸಂಘದ ಸದಸ್ಯತ್ವ ಇದೆ.

ಆರು ಜನರನ್ನೂ ಯಶಸ್ವಿನಿಗೆ ಸೇರಿಸಲು ಮೇಲಿನ ದರದಂತೆ 700 ರೂಪಾಯಿ ಸಾಕು. ಇದು ಬುನಾದಿ.

ಮಗನಿಗೆ ಇ.ಎಸ್.ಐ. ಇರುವುದರಿಂದ ಸದ್ಯಕ್ಕೆ ಖಾಸಗಿ ಪಾಲಿಸಿ ಬೇಡ. ಅಜ್ಜ ಅಜ್ಜಿಯರಿಗೆ ಅವನ ಮೂಲಕ ಸೌಲಭ್ಯ ಸಿಗುವುದೇ ಎಂದು ಕಾರ್ಖಾನೆಯಲ್ಲಿ ಕೇಳಿದರೆ ಇಲ್ಲವೆನ್ನುತ್ತಾರೆ. ತಂದೆ ತಾಯಿಯರ ವಿಷಯವನ್ನು ವಿಚಾರಿಸಬಹುದು.

ಯಜಮಾನ, ಹೆಂಡತಿ, ಮಗಳು ಮೂವರಿಗೆ ಸೇರಿ ಒಂದು ಕುಟುಂಬ ಪಾಲಿಸಿ ಮಾಡಿಸುವುದು ಲಾಭಕರ. ಇಂಥ ಪಾಲಿಸಿಯ ಕಂತು ಸಾಧಾರಣವಾಗಿ ಹಿರಿಯ ಸದಸ್ಯರ ವಯಸ್ಸಿನಂತೆ ನಿಗದಿಯಾಗುತ್ತದೆ. ಅಜ್ಜನನ್ನು ಇದರಲ್ಲಿ ಸೇರಿಸಿದರೆ ಎಲ್ಲರ ಕಂತೂ ಏರುತ್ತದೆ. ಅಜ್ಜನ ಚಿಕಿತ್ಸೆಯಲ್ಲಿಯೇ ಮೊತ್ತ ಮುಗಿದರೆ ದುಡಿಯುವವರಿಗೆ ಏನೂ ಉಳಿಯದು. ಆದುದರಿಂದ ಹಿರಿಯರನ್ನು ಪ್ರತ್ಯೇಕವಾಗಿಡಬೇಕು.

ಹಿರಿಯರಿಗೆ ಪಾಲಿಸಿ ಕೊಡಲು 65 ವರ್ಷದ ಮಿತಿಯನ್ನು ಕಂಪನಿಗಳು ಪಾಲಿಸಬೇಕೆಂಬ ಕಟ್ಟಳೆ 2024ರಿಂದ ಇಲ್ಲ. ಆದರೂ ಕಂತು ದುಬಾರಿ. ಭರಿಸಲಾಗದಿದ್ದರೆ ಯಶಸ್ವಿನಿ, 70 ದಾಟಿದವರ ಕಾರ್ಡು ಮತ್ತು ಸರ್ಕಾರಿ ಆಸ್ಪತ್ರೆಗಳನ್ನು ಆಶ್ರಯಿಸಿ, ಆ ಕಂತಿನ ಹಣವನ್ನು ಹಿರಿಯರ ಹೆಸರಿನಲ್ಲಿ ಪ್ರತಿವರ್ಷ ಠೇವಣಿಯಿಡುವುದು ಮೇಲು. ಹಿರಿಯರನ್ನು ಕೈಬಿಟ್ಟಂತಾಯಿತೆಂದು ಮನಸ್ಸಿಗೆ ನೋವಾಗಬಹುದು. ಆದರೆ ಮೂರು ವರ್ಷ ಕಾಯಬೇಕಾದ ದುಬಾರಿ ಪಾಲಿಸಿಗಿಂತ ಕೈಯಲ್ಲಿರುವ ಠೇವಣಿ ಅವರಿಗೆ ಬೇಗ ಒದಗುತ್ತದೆ.

ಟ್ರ್ಯಾಕ್ಟರ್, ಪಂಪ್‌ಸೆಟ್, ವಿದ್ಯುತ್ತಿನ ಅಪಾಯ ಎಲ್ಲ ರೈತರಿಗೂ ಉಂಟು. 18ರಿಂದ 70 ವರ್ಷದವರು ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟಿ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಬಹುದು. ಅಪಘಾತದ ಮರಣಕ್ಕೆ 2 ಲಕ್ಷ ರೂಪಾಯಿ ಸಿಗುತ್ತದೆ. ಈ ಮನೆಯಲ್ಲಿ ನಾಲ್ವರಿಗೆ ತಗಲುವುದು 80 ರೂಪಾಯಿ. ಇದು ಆಸ್ಪತ್ರೆಯ ಖರ್ಚನ್ನು ಕೊಡುವುದಿಲ್ಲವೆಂಬುದು ನೆನಪಿರಲಿ.

ಹಾವು ಕಚ್ಚಿದಾಗ ಅಥವಾ ಕೀಟನಾಶಕ ಒಳಸೇರಿದಾಗ ವಿಮೆಯ ಪಟ್ಟಿಯನ್ನು ಹುಡುಕುತ್ತ ಕೂರದೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮೊದಲು ಕೊಂಡೊಯ್ಯಬೇಕು. ಔಷಧಿಯ ಡಬ್ಬಿಯನ್ನೂ ಜೊತೆಗೆ ಒಯ್ಯಬೇಕು.

ಕಂತು ಕಟ್ಟುವ ಕಾಲ

ನವೀಕರಣದ ದಿನಾಂಕ ತಪ್ಪಿ, ಕೊಡುವ ರಿಯಾಯಿತಿ ದಿನಗಳೂ ಕಳೆದರೆ ಕಾಯುವ ಅವಧಿ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಆದುದರಿಂದ ಕೈಯಲ್ಲಿ ಹಣವಾಡುವ ಕಾಲಕ್ಕೆ ಪಾಲಿಸಿ ಆರಂಭಿಸುವುದು ಜಾಣತನ. ರೇಷ್ಮೆ ಕೃಷಿಕರು ಪ್ರತಿ ಬೆಳೆಯ ಗೂಡು ಮಾರಿದಾಗ ಒಂದಿಷ್ಟನ್ನು, ಹೈನುಗಾರರು ಪ್ರತಿ ಬಟವಾಡೆಯಲ್ಲಿ ಒಂದಿಷ್ಟನ್ನು ತೆಗೆದಿಡಬಹುದು. ಟೊಮ್ಯಾಟೊ ಬೆಲೆಯನ್ನು ನಂಬಿ ಕಂತಿನ ದಿನಾಂಕ ಗೊತ್ತುಮಾಡುವುದು ಅಪಾಯಕರ.

ಹಣ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆಯಬೇಕು. ಮೊದಲು ಕಂಪನಿಯ ದೂರು ಅಧಿಕಾರಿಗೆ, ಅಲ್ಲಿ ಪರಿಹಾರ ದೊರೆಯದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ವಿಸ್ತರಣಾ ಕಾರ್ಯಕರ್ತರು ಯಶಸ್ವಿನಿಯ ನೋಂದಣಿ ಕಾಲದಲ್ಲಿ ಹಾಲಿನ ಸಂಘಗಳ ಸಭೆಗಳಲ್ಲಿ ಈ ವಿಷಯಗಳನ್ನು ಚರ್ಚಿಸುವುದು ಒಳಿತು. ಪಡಿತರ ಚೀಟಿ, ಸಂಘದ ಸದಸ್ಯತ್ವ, ಮನೆಯವರ ವಯಸ್ಸು, ಇರುವ ಕಾಯಿಲೆ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡರೆ ಯಾರಿಗೆ ಯಾವ ವಿಮೆ ಎಂಬುದರ ಅರ್ಧ ನಿರ್ಧಾರ ಅಲ್ಲಿಯೇ ಆಗುತ್ತದೆ. ಈ ಹಾಳೆಯನ್ನೂ ಪಾಲಿಸಿಯ ಪ್ರತಿಯನ್ನೂ ಪಹಣಿ ಪತ್ರಗಳ ಜೊತೆಗೆ, ಮನೆಯ ಹೆಂಗಸರಿಗೂ ತಿಳಿದಿರುವ ಜಾಗದಲ್ಲಿ ಇಡತಕ್ಕದ್ದು. ರಾತ್ರಿ ಹೊತ್ತಿನಲ್ಲಿ ಆಸ್ಪತ್ರೆಗೆ ಹೊರಡಬೇಕಾಗಿ ಬಂದಾಗ ಹುಡುಕುವವರು ಅವರೇ.