ಮೂಳೆಯ ಮೇಲೆ ಕೂರಬೇಕಾದ ಬೆಲ್ಟು

ಓಡುತ್ತಿರುವ ಕಾರು ನಿಂತ ಲಾರಿಗೆ ಗುದ್ದಿದರೆ ಸುತ್ತಲಿದ್ದವರಿಗೆ ಕೇಳಿಸುವುದು ಒಂದೇ ಸದ್ದು. ಆ ಒಂದು ಸದ್ದಿನೊಳಗೆ ಮೂರು ಡಿಕ್ಕಿಗಳಿರುತ್ತವೆ. ಮೊದಲು ಕಾರು ಲಾರಿಗೆ ಗುದ್ದಿ ನಿಲ್ಲುತ್ತದೆ. ಕಾರು ನಿಂತರೂ ಒಳಗೆ ಕುಳಿತವರು ನಿಲ್ಲುವುದಿಲ್ಲ; ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದವರು ಅದೇ ವೇಗದಲ್ಲಿ ಮುಂದೆ ಹೋಗಿ ಸ್ಟೀರಿಂಗಿಗೋ ಗಾಜಿಗೋ ಮುಂದಿನ ಸೀಟಿನ ಬೆನ್ನಿಗೋ ಬಡಿಯುತ್ತಾರೆ. ಇದು ಎರಡನೆಯದು. ಮೂರನೆಯದು ಮೈಯೊಳಗೆ ನಡೆಯುತ್ತದೆ. ಎದೆಗೂಡು ನಿಂತ ಮೇಲೂ ಹೃದಯ ಮುಂದಕ್ಕೆ ತೂಗುತ್ತದೆ; ತಲೆಬುರುಡೆ ನಿಂತ ಮೇಲೂ ಮಿದುಳು ಅದರ ಒಳಗೋಡೆಗೆ ಅಪ್ಪಳಿಸುತ್ತದೆ. ಮೈಮೇಲೆ ಗೀರೂ ಕಾಣದವರು ಕೆಲವೊಮ್ಮೆ ಆಸ್ಪತ್ರೆ ಸೇರುವ ಮುಂಚೆಯೇ ಪ್ರಾಣ ಬಿಡುವುದು ಇದರಿಂದಲೇ. ಹೃದಯದಿಂದ ಹೊರಡುವ ಮಹಾಪಧಮನಿ ಒಳಗೇ ಹರಿದುಹೋಗಿರುತ್ತದೆ.

ಗಂಟೆಗೆ 50 ಕಿ.ಮೀ. ಎಂದರೆ ಇವತ್ತು ಯಾರಿಗೂ ವೇಗ ಅನ್ನಿಸುವುದಿಲ್ಲ. ಲೆಕ್ಕ ಹಾಕಿದರೆ ಅದು ಸೆಕೆಂಡಿಗೆ ಸುಮಾರು 14 ಮೀಟರ್. ನೀರು ಬತ್ತಿದ 32 ಅಡಿ ಆಳದ ಬಾವಿಗೆ ಬಿದ್ದವರು ತಳ ಮುಟ್ಟುವ ಹೊತ್ತಿಗೆ ಇರುವ ವೇಗವೂ ಅಷ್ಟೇ. ವೇಗ ಎರಡು ಪಟ್ಟಾದರೆ ಆಳ ನಾಲ್ಕು ಪಟ್ಟಾಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾನೂನೇ ಒಪ್ಪುವ 100 ಕಿ.ಮೀ. ವೇಗಕ್ಕೆ ಬಾವಿಯ ಆಳ ಸುಮಾರು 130 ಅಡಿ. ‘ಹಾಗೇನಾದರೂ ಆದರೆ ಡ್ಯಾಶ್‌ಬೋರ್ಡ್ ಗಟ್ಟಿಯಾಗಿ ಹಿಡಿದುಕೊಂಡರಾಯಿತು’ ಎನ್ನುವವರಿದ್ದಾರೆ. ಆ ಬಾವಿಗೆ ಕೈ ಊರಿಕೊಂಡು ಬೀಳುತ್ತೇನೆ ಎಂದರೆ ಎಷ್ಟು ಅರ್ಥವಿದೆಯೋ ಇದರಲ್ಲೂ ಅಷ್ಟೇ ಇದೆ.

ಜೀವ ಉಳಿಯಬೇಕಾದರೆ ಆ ವೇಗವನ್ನು ನಿಧಾನವಾಗಿ ಕಳೆದುಕೊಳ್ಳಬೇಕು. ಇಲ್ಲಿ ‘ನಿಧಾನ’ ಅಂದರೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ. ಕಾರಿನ ಮೂತಿಯನ್ನು ಎಂಜಿನಿಯರುಗಳು ಬೇಕೆಂದೇ ನಜ್ಜುಗುಜ್ಜಾಗುವಂತೆ ಕಟ್ಟಿರುತ್ತಾರೆ. ಅದು ಅರ್ಧ ಮೀಟರಿಗೂ ಹೆಚ್ಚು ಒಳಕ್ಕೆ ಕುಗ್ಗುತ್ತ ಹೋಗುವಾಗ ಕಾರಿನ ಉಳಿದ ಭಾಗಕ್ಕೆ ನಿಲ್ಲಲು ಅಷ್ಟು ದೂರ, ಅಷ್ಟು ಸಮಯ ಸಿಗುತ್ತದೆ. ಬೆಲ್ಟ್ ಹಾಕಿಕೊಂಡವರಿಗೆ ಆ ದೂರದಲ್ಲಿ ಪಾಲು ಇದೆ, ಹಾಕಿಕೊಳ್ಳದವರಿಗೆ ಇಲ್ಲ. 60 ಕಿಲೊ ತೂಕದ ಒಬ್ಬರು 50 ಕಿ.ಮೀ. ವೇಗದಿಂದ 60 ಸೆಂ.ಮೀ. ದೂರದಲ್ಲಿ ನಿಂತರೆ ಅವರ ಮೈಮೇಲೆ ಬೀಳುವ ಬಲ ಸುಮಾರು ಒಂದು ಟನ್ ಭಾರಕ್ಕೆ ಸಮ. ಅವರೇ ಬೆಲ್ಟಿಲ್ಲದೆ ಹೋಗಿ ಡ್ಯಾಶ್‌ಬೋರ್ಡಿಗೆ ಬಡಿದು ಐದು ಸೆಂ.ಮೀ.ನಲ್ಲಿ ನಿಂತರೆ ಅದು ಹನ್ನೆರಡು ಟನ್. ಹನ್ನೆರಡು ಟನ್ ತಡೆಯುವ ಎದೆಗೂಡು ಯಾರಿಗೂ ಇಲ್ಲ.

ಹಾಗಾದರೆ ಒಂದು ಟನ್ ತಡೆಯಬಹುದೇ? ತಡೆಯಬಹುದು ಎಂದು ತೋರಿಸಿದ್ದು ಜಾನ್ ಸ್ಟ್ಯಾಪ್ ಎಂಬ ಅಮೆರಿಕನ್ ವಾಯುಪಡೆಯ ವೈದ್ಯ. 1954ರ ಡಿಸೆಂಬರ್ 10ರಂದು ನ್ಯೂ ಮೆಕ್ಸಿಕೊದ ಹಾಲೊಮನ್ ವಾಯುನೆಲೆಯಲ್ಲಿ, ಹಳಿಯ ಮೇಲೆ ಓಡುವ ರಾಕೆಟ್ ಬಂಡಿಗೆ ತನ್ನನ್ನು ಪಟ್ಟಿಗಳಿಂದ ಬಿಗಿಸಿಕೊಂಡು ಆತ ಗಂಟೆಗೆ 1,017 ಕಿ.ಮೀ. ವೇಗ ಮುಟ್ಟಿದ. ಬಂಡಿ 1.4 ಸೆಕೆಂಡಿನಲ್ಲಿ ನಿಂತಿತು. ಆ ಕ್ಷಣದಲ್ಲಿ ಆತನ ದೇಹ ತನ್ನ ತೂಕದ 46 ಪಟ್ಟು ಬಲವನ್ನು ತಡೆದುಕೊಂಡಿತು. ಕಣ್ಣಿನ ರಕ್ತನಾಳಗಳು ಒಡೆದು ಸ್ವಲ್ಪ ಹೊತ್ತು ಕಣ್ಣೇ ಕಾಣಲಿಲ್ಲ. ಆದರೆ ದೃಷ್ಟಿ ಮರಳಿತು, ಆತ 89 ವರ್ಷ ಬಾಳಿದ. ಗಟ್ಟಿ ಮೂಳೆಗಳ ಮೇಲೆ ಸರಿಯಾಗಿ ಬಿಗಿದ ಪಟ್ಟಿಯಿದ್ದರೆ ಮನುಷ್ಯದೇಹ ನಾವಂದುಕೊಂಡಿದ್ದಕ್ಕಿಂತ ಎಷ್ಟೋ ಹೆಚ್ಚು ತಾಳುತ್ತದೆ ಎಂಬುದು ಆ ಪ್ರಯೋಗಗಳಿಂದ ಖಚಿತವಾಯಿತು. ವಾಯುಪಡೆಯ ಸಿಬ್ಬಂದಿ ವಿಮಾನ ದುರಂತಗಳಿಗಿಂತ ಕಾರು ಅಪಘಾತಗಳಲ್ಲೇ ಹೆಚ್ಚು ಸಾಯುತ್ತಿದ್ದಾರೆಂದು ಕಂಡುಕೊಂಡ ಸ್ಟ್ಯಾಪ್, ಮುಂದೆ ಕಾರಿಗೆ ಬೆಲ್ಟ್ ಬೇಕೆಂದು ಪಟ್ಟುಹಿಡಿದು ವಾದಿಸಿದ. ತನ್ನ ಮೈಯನ್ನೇ ಒಡ್ಡಿ ಇಂಥ ಪ್ರಶ್ನೆಗೆ ಉತ್ತರ ತಂದುಕೊಟ್ಟವರು ವಿಜ್ಞಾನದ ಇತಿಹಾಸದಲ್ಲಿ ತೀರ ವಿರಳ.

ಆ ಕಾಲದ ಕಾರುಗಳಲ್ಲಿ ಬೆಲ್ಟ್ ಇದ್ದರೂ ಅದು ಹೊಟ್ಟೆಗೆ ಅಡ್ಡಲಾಗಿ ಕಟ್ಟುವ ಒಂದೇ ಪಟ್ಟಿ. ಡಿಕ್ಕಿಯಲ್ಲಿ ಮೈಯ ಮೇಲ್ಭಾಗ ಕತ್ತರಿಯಂತೆ ಮಡಚಿಕೊಂಡು ತಲೆ ಮುಂದಕ್ಕೆ ಹೋಗಿ ಬಡಿಯುತ್ತಿತ್ತು. ಪಟ್ಟಿ ಹೊಟ್ಟೆಯ ಮೆತ್ತನೆಯ ಭಾಗಕ್ಕೆ ಇಳಿದು ಕರುಳು ಸೀಳುತ್ತಿತ್ತು. ಇದಕ್ಕೆ ಪರಿಹಾರ ಕಂಡುಹಿಡಿದ ಸ್ವೀಡನ್ನಿನ ನಿಲ್ಸ್ ಬೋಲಿನ್, ವೋಲ್ವೊ ಕಂಪನಿಗೆ ಸೇರುವ ಮೊದಲು ಸಾಬ್ ಕಂಪನಿಯಲ್ಲಿ ಯುದ್ಧವಿಮಾನಗಳಿಂದ ಪೈಲಟ್ಟನ್ನು ಹೊರಕ್ಕೆ ಚಿಮ್ಮಿಸುವ ಸೀಟುಗಳ ಮೇಲೆ ಕೆಲಸ ಮಾಡಿದ್ದವನು. ಸೊಂಟಕ್ಕೊಂದು, ಎದೆಗೆ ಓರೆಯಾಗಿ ಒಂದು, ಎರಡೂ ಪಕ್ಕೆಯ ಬಳಿ ಕೆಳಗೆ ಒಂದೇ ಬಕ್ಕಲಿನಲ್ಲಿ ಸೇರಬೇಕು, ಒಂದೇ ಕೈಯಲ್ಲಿ ಹಾಕಲು ಬರಬೇಕು: ಆತನ ವಿನ್ಯಾಸ ಇಷ್ಟೇ. 1959ರಲ್ಲಿ ವೋಲ್ವೊ ಇದನ್ನು ಕಾರುಗಳಿಗೆ ಹಾಕಿತು. ಪೇಟೆಂಟ್ ಇದ್ದರೂ ಬೇರೆ ಕಂಪನಿಗಳೂ ಬಳಸಿಕೊಳ್ಳಲಿ ಎಂದು ಬಿಟ್ಟುಕೊಟ್ಟಿತು. ಇವತ್ತು ನಿಮ್ಮ ಕಾರಿನಲ್ಲಿರುವುದೂ ಅದೇ ಮೂರು ಬಿಂದುಗಳ ಬೆಲ್ಟು.

ಡಿಕ್ಕಿಯ ಬಲವನ್ನೆಲ್ಲ ತಡೆಯಬೇಕಾದ್ದು ದೇಹದ ಎರಡು ಜಾಗಗಳು. ಒಂದು ಸೊಂಟದ ಮೂಳೆ, ಇನ್ನೊಂದು ಭುಜದ ಮುಂದಿನ ಕೊರಳೆಲುಬು ಮತ್ತು ಪಕ್ಕೆಲುಬುಗಳ ಗೂಡು. ಬೆಲ್ಟ್ ಈ ಮೂಳೆಗಳ ಮೇಲೆ ಕೂತರೆ ಮಾತ್ರ ಅದು ಬೋಲಿನ್ ಮಾಡಿದ ಸಾಧನ. ಮೂಳೆ ಬಿಟ್ಟು ಮಾಂಸದ ಮೇಲೆ ಕೂತರೆ ಅದೇ ಪಟ್ಟಿ ಗಾಯ ಮಾಡುತ್ತದೆ. ನಮ್ಮಲ್ಲಿ ಬೆಲ್ಟ್ ಹಾಕುವವರ ಸಂಖ್ಯೆ ಹೆಚ್ಚುತ್ತಿದೆ, ನಿಜ. ಆದರೆ ಕಾರಿನೊಳಗೆ ಕಣ್ಣಾಡಿಸಿದರೆ ಸರಿಯಾಗಿ ಹಾಕಿದವರು ಇನ್ನೂ ಕಡಿಮೆಯೇ.

ಸೊಂಟದ ಪಟ್ಟಿಯಿಂದ ಶುರುಮಾಡೋಣ. ಸೊಂಟದ ಮುಂಭಾಗದಲ್ಲಿ ಎರಡೂ ಕಡೆ ಕೈಯಿಟ್ಟರೆ ಮೂಳೆಯ ಎರಡು ಮೊನೆಗಳು ಸಿಗುತ್ತವೆ. ಪಟ್ಟಿ ಅವುಗಳಿಗಿಂತ ಕೆಳಗೆ, ತೊಡೆಯ ಬುಡಕ್ಕೆ ತಾಗಿಕೊಂಡಿರಬೇಕು. ಹೊಟ್ಟೆ ಮುಂದೆ ಬಂದವರು ಸಾಮಾನ್ಯವಾಗಿ ಹೊಕ್ಕುಳ ಮಟ್ಟಕ್ಕೆ ಹಾಕಿಕೊಂಡಿರುತ್ತಾರೆ. ಹೊಟ್ಟೆಯನ್ನು ಎತ್ತಿ ಅದರ ಕೆಳಗೆ ಪಟ್ಟಿ ಇಳಿಸಬೇಕು. ಸೀಟನ್ನು ಹಿಂದಕ್ಕೆ ವಾಲಿಸಿ ಅರ್ಧ ಮಲಗಿ ಹೋಗುವುದು ಇನ್ನೂ ಅಪಾಯ. ಡಿಕ್ಕಿಯಾದಾಗ ದೇಹ ಸೊಂಟದ ಪಟ್ಟಿಯ ಅಡಿಯಿಂದ ಮುಂದಕ್ಕೆ ಜಾರಿ, ಪಟ್ಟಿ ಹೊಟ್ಟೆಯನ್ನು ಹೊಕ್ಕು ಬೆನ್ನುಮೂಳೆಯವರೆಗೆ ಒತ್ತುತ್ತದೆ. ದೂರದ ಊರಿಗೆ ಹೊರಟಾಗ ಚಾಲಕನ ಪಕ್ಕದ ಸೀಟಿನಲ್ಲಿ ನಿದ್ದೆ ಹೋಗುವವರು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವವರು, ಡ್ಯಾಶ್‌ಬೋರ್ಡಿನ ಮೇಲೆ ಕಾಲು ಚಾಚುವವರು ಇದನ್ನು ದಯವಿಟ್ಟು ಗಮನಿಸಬೇಕು. ಆ ಡ್ಯಾಶ್‌ಬೋರ್ಡಿನೊಳಗೆ ಏರ್‌ಬ್ಯಾಗ್ ಇದೆ. ಅದು ಸಿಡಿದರೆ ಮೇಲಿಟ್ಟ ಕಾಲುಗಳು ಮೊಣಕಾಲಿನ ಸಮೇತ ಮುಖಕ್ಕೆ ಬಡಿಯುತ್ತವೆ.

ಎದೆಯ ಪಟ್ಟಿ ಭುಜದ ನಡುವಿನಿಂದ ಕೊರಳೆಲುಬನ್ನು ದಾಟಿ ಎದೆಯ ಮಧ್ಯದಲ್ಲಿ ಇಳಿಯಬೇಕು. ಕುತ್ತಿಗೆಗೆ ಉಜ್ಜುತ್ತದೆಂದು ಕೆಲವರು ಅದನ್ನು ಕಂಕುಳ ಕೆಳಗೆ ತೂರಿಸುತ್ತಾರೆ. ಆಗ ಬಲವೆಲ್ಲ ಕೆಳಗಿನ ತೆಳು ಪಕ್ಕೆಲುಬುಗಳ ಮೇಲೆ ಬೀಳುತ್ತದೆ, ಅವು ಮುರಿದು ಯಕೃತ್ತಿಗೋ ಗುಲ್ಮಕ್ಕೋ ಚುಚ್ಚಿಕೊಳ್ಳುತ್ತವೆ. ಬೆನ್ನ ಹಿಂದೆ ಹಾಕಿಕೊಂಡವರು ಮತ್ತೆ 1950ರ ದಶಕದ ಒಂದು ಪಟ್ಟಿಗೇ ಹೋದಂತೆ. ಮಾಡಬೇಕಾದ್ದು ಸುಲಭ: ಬಾಗಿಲ ಬದಿಯ ಕಂಬದಲ್ಲಿ ಬೆಲ್ಟ್ ಹೊರಬರುವ ಕೊಂಡಿಯನ್ನು ಹಲವು ಕಾರುಗಳಲ್ಲಿ ಮೇಲೆ ಕೆಳಗೆ ಸರಿಸಬಹುದು, ಇಲ್ಲವಾದರೆ ಸೀಟಿನ ಎತ್ತರ ಬದಲಿಸಬಹುದು.

ಐದು ಸೆಂ.ಮೀ.ಗೆ ತುಸು ಕಡಿಮೆ ಅಗಲದ ಆ ಪಟ್ಟಿಗೆ ಅಷ್ಟು ಅಗಲ ಕೊಟ್ಟಿರುವುದು ಬಲ ಹರಡಲಿ ಎಂದೇ. ತಿರುಚಿಕೊಂಡರೆ ಅದು ಹಗ್ಗವಾಗಿ ಒಂದೇ ಗೆರೆಯಲ್ಲಿ ಕೊರೆಯುತ್ತದೆ. ಸಡಿಲ ಬಿಟ್ಟರೂ ಕಷ್ಟ. ಬೆಲ್ಟಿಗೂ ಮೈಗೂ ನಡುವಿನ ಪ್ರತಿ ಇಂಚೂ ದೇಹ ತಡೆಯಿಲ್ಲದೆ ವೇಗದಲ್ಲೇ ಸಾಗುವ ಇಂಚು. ದಪ್ಪ ಜಾಕೆಟ್ ಇದ್ದರೆ ಬಿಚ್ಚಿಡಿ, ಸೀರೆಯ ಸೆರಗನ್ನೂ ದುಪಟ್ಟಾವನ್ನೂ ಪಟ್ಟಿಯ ಅಡಿ ಗಂಟಾಗದಂತೆ ಸರಿಸಿ. ಬಕ್ಕಲ್ ಹಾಕಿದ ಮೇಲೆ ಎದೆಯ ಪಟ್ಟಿಯನ್ನು ಒಮ್ಮೆ ಮೇಲಕ್ಕೆ ಎಳೆದರೆ ಸೊಂಟದ ಸಡಿಲವೂ ಹೋಗುತ್ತದೆ.

ಬೆಲ್ಟಿನ ಸುರುಳಿಯ ಗೂಡಿನೊಳಗೆ ಒಂದು ಜಾಣ ಏರ್ಪಾಡಿದೆ. ನಿಧಾನವಾಗಿ ಎಳೆದರೆ ಪಟ್ಟಿ ಬಿಚ್ಚಿಕೊಳ್ಳುತ್ತದೆ, ಜೋರಾಗಿ ಎಳೆದರೆ ಕಚ್ಚಿಕೊಳ್ಳುತ್ತದೆ. ಕಾರೇ ಥಟ್ಟನೆ ನಿಂತರೆ ಒಳಗಿನ ಪುಟ್ಟ ಉಕ್ಕಿನ ಗುಂಡು ಮುಂದಕ್ಕೆ ಉರುಳಿ ಹಲ್ಲಿನ ಚಕ್ರಕ್ಕೆ ಬೀಗ ಹಾಕುತ್ತದೆ. ನಿಂತ ಕಾರಿನಲ್ಲಿ ಬೆಲ್ಟನ್ನು ಜಗ್ಗಿ ನೋಡಿ. ಕಚ್ಚದಿದ್ದರೆ ಗ್ಯಾರೇಜಿಗೆ ಕೊಂಡೊಯ್ಯಿರಿ. ಹೊಸ ಕಾರುಗಳಲ್ಲಿ ಇದರ ಜೊತೆಗೆ ಸಣ್ಣ ಸಿಡಿಮದ್ದೂ ಇರುತ್ತದೆ. ಡಿಕ್ಕಿಯ ಮೊದಲ ಕೆಲವು ಮಿಲಿಸೆಕೆಂಡುಗಳಲ್ಲೇ ಅದು ಸಿಡಿದು ಪಟ್ಟಿಯನ್ನು ಒಳಕ್ಕೆ ಸೆಳೆದು ಸಡಿಲ ತೆಗೆಯುತ್ತದೆ. ಅನಂತರ ಬಲ ಮಿತಿ ಮೀರಿದರೆ ಪಟ್ಟಿಯನ್ನು ತುಸು ಬಿಟ್ಟುಕೊಟ್ಟು ಪಕ್ಕೆಲುಬು ಉಳಿಸುವ ಇನ್ನೊಂದು ಏರ್ಪಾಡು ಕೆಲಸ ಮಾಡುತ್ತದೆ. ದೊಡ್ಡ ಅಪಘಾತ ಕಂಡ ಬೆಲ್ಟನ್ನು ಬದಲಿಸಲೇಬೇಕು. ಅದರ ಎಳೆಗಳು ಒಮ್ಮೆ ಹಿಗ್ಗಿ ತಮ್ಮ ಕೆಲಸ ಮುಗಿಸಿರುತ್ತವೆ.

ಏರ್‌ಬ್ಯಾಗ್ ಇದೆಯಲ್ಲ, ಬೆಲ್ಟ್ ಯಾಕೆ ಎಂದು ಕೇಳುವವರಿಗೆ ಒಂದು ಮಾತು. ಏರ್‌ಬ್ಯಾಗನ್ನು ರೂಪಿಸಿರುವುದೇ ಬೆಲ್ಟ್ ಹಾಕಿದವರ ತಲೆ ಮತ್ತು ಎದೆಗೆ ಪೂರಕವಾಗಿ. ಕಣ್ಣಿಗೆ ಕಾಣದ ವೇಗದಲ್ಲಿ ಉಬ್ಬುವ ಆ ಚೀಲದ ಮೇಲೆ ಬೆಲ್ಟಿಲ್ಲದ ದೇಹ ಮುಂಚೆಯೇ ಹೋಗಿ ಒರಗಿದ್ದರೆ ಚೀಲವೇ ಪ್ರಾಣ ತೆಗೆಯಬಹುದು. ಸ್ಟೀರಿಂಗಿಗೂ ಎದೆಗೂ ಕನಿಷ್ಠ 25 ಸೆಂ.ಮೀ. ಅಂತರವಿರಲಿ ಎನ್ನುವುದು ಅದಕ್ಕೇ.

ಬಸುರಿಯರು ಬೆಲ್ಟ್ ಹಾಕಬಾರದೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಬಲವಾಗಿದೆ. ಇದು ತಪ್ಪು. ತಾಯಿ ಉಳಿಯುವುದೇ ಮಗು ಉಳಿಯಲು ಮೊದಲ ದಾರಿ. ಸೊಂಟದ ಪಟ್ಟಿ ಹೊಟ್ಟೆಯ ಕೆಳಗೆ, ಎದೆಯ ಪಟ್ಟಿ ಸ್ತನಗಳ ನಡುವೆ ಬಂದು ಹೊಟ್ಟೆಯ ಪಕ್ಕಕ್ಕೆ ಇಳಿಯಬೇಕು. ಹೊಟ್ಟೆಯ ಮೇಲೆ ಮಾತ್ರ ಬೀಳಬಾರದು.

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಹೋಗುವ ದೃಶ್ಯ ಕಂಡಾಗಲೆಲ್ಲ ನನ್ನ ಕೈ ತಣ್ಣಗಾಗುತ್ತದೆ. ಆ ಮೇಲಿನ ಲೆಕ್ಕದಲ್ಲೇ 10 ಕಿಲೊ ಮಗು ಒಂದು ಕ್ಷಣ 160 ಕಿಲೊ ತೂಗುತ್ತದೆ. ಯಾವ ತಾಯಿಯ ತೋಳೂ ಅದನ್ನು ಹಿಡಿಯಲಾರದು; ಹಿಡಿದಿದ್ದರೂ ತಾಯಿಗೂ ಡ್ಯಾಶ್‌ಬೋರ್ಡಿಗೂ ನಡುವೆ ಮಗು ಸಿಲುಕುತ್ತದೆ. ಒಂದೇ ಬೆಲ್ಟನ್ನು ಇಬ್ಬರಿಗೂ ಸುತ್ತುವುದು ಅಷ್ಟೇ ಕೆಟ್ಟದ್ದು. ಕೂಸುಗಳಿಗೆ ಹಿಂದಿನ ಸೀಟಿನಲ್ಲಿ, ಕಾರಿನ ಹಿಂಬದಿಗೆ ಮುಖ ಮಾಡಿ ಕೂರಿಸುವ ಮಕ್ಕಳ ಸೀಟು ಬೇಕು. ದೊಡ್ಡ ತಲೆ, ಎಳೆ ಕುತ್ತಿಗೆಯ ಅವುಗಳಿಗೆ ಬೆನ್ನಿಡೀ ಆಸರೆ ಸಿಗುವುದು ಹಾಗೆ ಕೂತಾಗ ಮಾತ್ರ. ಎತ್ತರ ಸುಮಾರು 145 ಸೆಂ.ಮೀ. ಆಗುವವರೆಗೆ ದೊಡ್ಡವರ ಬೆಲ್ಟು ಮಕ್ಕಳ ಸೊಂಟದ ಮೇಲೆ ಸರಿಯಾಗಿ ಕೂರುವುದಿಲ್ಲ, ಹೊಟ್ಟೆಗೂ ಕುತ್ತಿಗೆಗೂ ಬರುತ್ತದೆ; ಅಲ್ಲಿಯತನಕ ಎತ್ತರಿಸುವ ಬೂಸ್ಟರ್ ಸೀಟು ಇರಬೇಕು. ಅದರ ಬೆಲೆ ಕಾರಿನ ಬೆಲೆಯ ಮುಂದೆ ಏನೇನೂ ಅಲ್ಲ.

ಹಿಂದಿನ ಸೀಟಿನ ವಿಷಯದಲ್ಲಿ ನಮ್ಮ ಉದಾಸೀನ ಇನ್ನೂ ದೊಡ್ಡದು. ಮುಂದೆ ಕುಳಿತವರಿಗೆ ಮಾತ್ರ ಅಪಾಯ ಎಂದುಕೊಂಡಿದ್ದೇವೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಸೂರ್ಯಾ ನದಿಯ ಸೇತುವೆಗೆ ಕಾರು ಬಡಿದು ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡರು. ಮುಂದೆ ಕುಳಿತಿದ್ದ ಇಬ್ಬರು ಗಾಯಗೊಂಡು ಬದುಕಿದರು, ಮಿಸ್ತ್ರಿ ಸೇರಿ ಹಿಂದೆ ಕುಳಿತಿದ್ದ ಇಬ್ಬರೂ ಉಳಿಯಲಿಲ್ಲ. ಹಿಂದಿದ್ದವರು ಬೆಲ್ಟ್ ಹಾಕಿರಲಿಲ್ಲವೆಂದು ಪೊಲೀಸರು ತಿಳಿಸಿದರು. ಹಿಂದಿನವರು ಬೆಲ್ಟ್ ಹಾಕದಿದ್ದರೆ ಮುಂದಿನವರಿಗೂ ಕೇಡು. ಜಪಾನಿನ ಅಪಘಾತ ದಾಖಲೆಗಳನ್ನು ಪರಿಶೀಲಿಸಿ 2002ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಿಂದಿನವರು ಬೆಲ್ಟಿಲ್ಲದೆ ಕುಳಿತಿದ್ದರೆ ಬೆಲ್ಟ್ ಹಾಕಿದ ಮುಂದಿನವರು ಸಾಯುವ ಸಂಭವ ಸುಮಾರು ಐದು ಪಟ್ಟು ಹೆಚ್ಚು. ಹಿಂದಿನಿಂದ ಹಾರಿ ಬರುವ ದೇಹ ಮುಂದಿನ ಸೀಟನ್ನೂ ಅದರಲ್ಲಿರುವವರನ್ನೂ ಜಜ್ಜುತ್ತದೆ.

ಕಾನೂನು ಇದೆ. ಮುಂದೆ ಮುಖ ಮಾಡಿರುವ ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. 2019ರ ತಿದ್ದುಪಡಿ ಸಾವಿರ ರೂಪಾಯಿ ದಂಡ ವಿಧಿಸಿ, 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಕಡ್ಡಾಯ ಮಾಡಿದೆ. ಆದರೂ ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರ ಒಂದೇ ವರ್ಷದಲ್ಲಿ ಬೆಲ್ಟ್ ಹಾಕದೆ ಸತ್ತವರು 16,715 ಮಂದಿ. ಅವರಲ್ಲಿ 8,331 ಮಂದಿ ಪ್ರಯಾಣಿಕರು. ಬೆಲ್ಟ್ ಹಾಕದಿದ್ದರೂ ಎಚ್ಚರಿಕೆಯ ಸದ್ದು ಬರದಂತೆ ಬಕ್ಕಲಿಗೆ ಸಿಕ್ಕಿಸುವ ಕ್ಲಿಪ್ಪುಗಳನ್ನು ಜನ ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಂದ ಅವುಗಳ 13,118 ಮಾರಾಟ ಪುಟಗಳನ್ನು ತೆಗೆಸಿಹಾಕಬೇಕಾಯಿತು. ಪ್ರಾಣ ಉಳಿಸಲೆಂದು ಇಟ್ಟ ಸದ್ದನ್ನು ಅಡಗಿಸಲು ಹಣ ಖರ್ಚು ಮಾಡುವುದು ನನಗೆ ತುಂಬ ದುಃಖದ ಸಂಗತಿ.

ಇನ್ನೊಂದು ಅಡ್ಡಿ ನಮ್ಮ ಸೀಟ್ ಕವರು. ಹೊಸ ಕಾರು ಬಂದ ದಿನವೇ ಹೊಲಿಸಿ ಹಾಕಿಸಿದ ಕವರಿನ ಅಡಿಯಲ್ಲಿ ಹಿಂದಿನ ಬಕ್ಕಲ್‌ಗಳು ಹೂತುಹೋಗಿರುತ್ತವೆ. ಬಾಡಿಗೆ ಟ್ಯಾಕ್ಸಿಗಳಲ್ಲಂತೂ ಇದು ಮಾಮೂಲು. ಈ ವಾರ ನಿಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಮೂರೂ ಬಕ್ಕಲ್ ಕೈಗೆ ಸಿಗುತ್ತವೆಯೇ ನೋಡಿ, ಸಿಗದಿದ್ದರೆ ಕವರಿಗೆ ಕತ್ತರಿ ಹಾಕಿಸಿ ಹೊರತೆಗೆಯಿರಿ. ಟ್ಯಾಕ್ಸಿ ಹತ್ತಿದಾಗ ಹಿಂದಿನ ಬಕ್ಕಲ್ ಕಾಣದಿದ್ದರೆ, ಅದನ್ನು ತೆಗೆದುಕೊಟ್ಟ ಮೇಲೆಯೇ ಗಾಡಿ ಹೊರಡಿಸಿ ಎಂದು ಚಾಲಕರಿಗೆ ಸಂಕೋಚವಿಲ್ಲದೆ ಹೇಳಿ.