ನಿಮಗಿದು ಗೊತ್ತೇ? ನಮ್ಮ ಶ್ರಾವಣ, ಯೆಹೂದ್ಯರ 49 ದಿನ

ನಾಗರ ಅಮಾವಾಸ್ಯೆ ಕಳೆಯಿತೆಂದರೆ ನವಲಗುಂದ, ಕುಂದಗೋಳ, ಅಣ್ಣಿಗೇರಿ ಸೀಮೆಯ ಮಠ, ಗುಡಿಗಳಲ್ಲಿ ಸಂಜೆಗೆ ಪುರಾಣ ಹಚ್ಚುತ್ತಾರೆ. ದಿನಾ ಒಂದಿಷ್ಟು ಕೇಳುವುದು, ಮನಸ್ಸಿಗೆ ಹಚ್ಚಿಕೊಳ್ಳುವುದು. ಇಂಥದೇ ಒಂದು ವ್ರತ ಯೆಹೂದ್ಯರಲ್ಲೂ ಇದೆ. ಪಸ್ಕ ಹಬ್ಬದ ಎರಡನೇ ರಾತ್ರಿಯಿಂದ 49 ದಿನ, ದಿನಾಲೂ ಕತ್ತಲಾದ ಮೇಲೆ ಪ್ರಾರ್ಥಿಸಿ ‘ಇಂದು ಇಷ್ಟನೇ ದಿನ’ ಎಂದು ಬಾಯಿಬಿಟ್ಟು ಎಣಿಸುತ್ತಾರೆ.

ಇದರ ಬೇರು ಹೊಲದಲ್ಲಿದೆ. ಹಿಂದೆ ಒಂದು ಓಮೆರ್ ಅಳತೆಯ ಹೊಸ ಜವೆಗೋಧಿ ದೇವರಿಗೆ ಒಪ್ಪಿಸಿ ಎಣಿಕೆ ಶುರುಮಾಡುತ್ತಿದ್ದರು. 50ನೇ ದಿನ ಹೊಸ ಗೋಧಿಯ ರೊಟ್ಟಿ ಒಪ್ಪಿಸುತ್ತಿದ್ದರು. ನಮ್ಮ ಎರಿ ಹೊಲಗಳಲ್ಲೂ ಹೆಸರು ಬಿಡಿಸುವ ಕಾಲ ಶ್ರಾವಣದ ಆಸುಪಾಸೇ.

ಯೆಹೂದ್ಯರ ಈ ಎಣಿಕೆಯಲ್ಲಿ ಏಳು ವಾರಕ್ಕೆ ಏಳು ಗುಣ. ಮೊದಲ ವಾರ ಪ್ರೀತಿ, ಎರಡನೆಯದು ಸಂಯಮ. ಆ ಗುಣ ತನ್ನಲ್ಲಿ ಎಷ್ಟಿದೆಯೆಂದು ಅವರವರೇ ನೋಡಿಕೊಳ್ಳಬೇಕು. ನಡುವೆ ಒಂದು ದಿನ ಪೂರ್ತಿ ಮರೆತರೆ? ಎಣಿಕೆ ನಿಲ್ಲುವುದಿಲ್ಲ, ಆದರೆ ಅಂದಿನಿಂದ ಅದರ ಮುಂಚಿನ ಪ್ರಾರ್ಥನೆ ಹೇಳುವಂತಿಲ್ಲ. ಎಷ್ಟು ಹದವಾದ ಕಟ್ಟಳೆ!

ಶ್ರಾವಣ ಮುಗಿಯುವವರೆಗೆ ಕ್ಷೌರ ಮಾಡಿಸದವರು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಯೆಹೂದ್ಯರಲ್ಲೂ ಅನೇಕರು 33ನೇ ದಿನದವರೆಗೆ ಕೂದಲು ಕತ್ತರಿಸುವುದಿಲ್ಲ, ಮದುವೆ ಮಾಡುವುದಿಲ್ಲ.

ಅಧಿಕ ಮಾಸ ಅವರಿಗೂ ಉಂಟು: 19 ವರ್ಷಕ್ಕೆ 7. ನಮ್ಮದೂ ಹೆಚ್ಚುಕಡಿಮೆ ಅದೇ ಲೆಕ್ಕ. 2023ರಲ್ಲಿ ನಮಗೆ ಎರಡು ಶ್ರಾವಣ ಬಂದದ್ದು ಹಾಗೆ.

ಇನ್ನು ನಮ್ಮ ಶ್ರಾವಣದ ಪುರಾಣಕ್ಕೆ ಬಂದರೆ, ಪೀಠಕ್ಕೇರುವ ಗ್ರಂಥಗಳಲ್ಲಿ ಭೀಮಕವಿಯ ಬಸವ ಪುರಾಣ 1369ರದು. ಆದರೆ ಓದಿದರಷ್ಟೇ ಪುರಾಣ ಆಗುವುದಿಲ್ಲ. ಪುರಾಣಿಕರು ಷಟ್ಪದಿ ಬಿಡಿಸಿ ಹೇಳುವಾಗ, ಪಕ್ಕದಲ್ಲಿ ಗವಾಯಿ ಹಾರ್ಮೋನಿಯಂ ಹಿಡಿದು ಹಾಡಬೇಕು, ತಬಲಾ ಸಾಥ್ ಬೇಕು. ಆಗಲೇ ಕಟ್ಟೆಯ ಮೇಲೆ ಕೂತ ರೈತ ತಲೆದೂಗುವುದು. ಈ ಗವಾಯಿಗಳಲ್ಲಿ ಎಷ್ಟೋ ಜನ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಪಂಚಾಕ್ಷರ ಗವಾಯಿಗಳು ಕಟ್ಟಿದ ಆ ಆಶ್ರಮ ಕಣ್ಣಿಲ್ಲದ ಮಕ್ಕಳಿಗೆ ಅನ್ನ, ಆಸರೆ, ಸಂಗೀತ ಮೂರನ್ನೂ ಕೊಟ್ಟಿತು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಸ್ವತಃ ಅಂಧರು. ಹಾಡಿದ್ದಲ್ಲದೆ ಪುರಾಣಗಳನ್ನೂ ಬರೆದರು. ನಮ್ಮ ಹಳ್ಳಿಗಳ ಶ್ರಾವಣ ಅವರ ಋಣದಲ್ಲಿದೆ.

ಪುರಾಣ ಮುಗಿಯುವ ಮಂಗಲದ ದಿನ ಪ್ರಸಾದಕ್ಕೆ ಊರೇ ಸೇರುತ್ತದೆ. ನಡುವಿನ ಸಂಜೆಗಳಲ್ಲಿ ಚಾಪೆ ಅರ್ಧ ಖಾಲಿ. ಈ ಸಲ ನಿಮ್ಮೂರಲ್ಲಿ ಪುರಾಣ ಹಚ್ಚಿದರೆ ಮೊದಲ ದಿನದಿಂದಲೇ ಹೋಗಿ ಕೂಡ್ರಿ, ಮಕ್ಕಳನ್ನೂ ಕರೆದೊಯ್ಯಿರಿ.