ದೂರದ ಬೆಟ್ಟ ಹತ್ತಿರವಾದಾಗ
ಮಡಿಕೇರಿಯಲ್ಲಿ ಸಂಸಾರ ಹೂಡುವವರ ಮೊದಲ ವರ್ಷ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಕಟ್ಟಿದವರು ಬೆಟ್ಟದ ಮಗ್ಗುಲಲ್ಲಿ ಬಾಡಿಗೆಯ ಮನೆ ಹಿಡಿದು ಸಂಸಾರ ಮಾಡಿದವರೇ ಇರಬೇಕು. ಡಿಸೆಂಬರ್ ರಜೆಯಲ್ಲಿ ಎರಡು ದಿನದ ಮಟ್ಟಿಗೆ ಮಡಿಕೇರಿಗೆ ಹೋಗಿ, ರಾಜಾಸೀಟಿನಲ್ಲಿ ಕುಳಿತು, ಪಡುವಣ ಬೆಟ್ಟಸಾಲುಗಳ ಹಿಂದೆ ಸೂರ್ಯನು ಮುಳುಗುವುದನ್ನು ಕಂಡ ನಗರವಾಸಿ ದಂಪತಿಗಳಲ್ಲಿ, “ಇಲ್ಲಿಯೇ ಇದ್ದುಬಿಟ್ಟರೆ ಎಷ್ಟು ಚೆನ್ನ!” ಎಂದು ನುಡಿಯದವರು ವಿರಳ. ಆದರೆ ಹಾಗೆ ನುಡಿದವರಿಗೆ ನಿಜವಾಗಿಯೂ ಅಲ್ಲಿಗೇ ವರ್ಗವಾದರೆ?

ಅಂಥ ಒಂದು ಜೋಡಿಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಪತಿ ಬ್ಯಾಂಕಿನ ಅಧಿಕಾರಿ. ಪತ್ನಿ ಬೆಂಗಳೂರಿನ ಶಾಲೆಯೊಂದರಲ್ಲಿದ್ದ ಅಧ್ಯಾಪಿಕೆಯ ಕೆಲಸವನ್ನು ಬಿಟ್ಟು ಪತಿಯ ಜೊತೆಗೆ ಹೊರಟುಬಂದವಳು. ಮೇ ತಿಂಗಳ ಕೊನೆಯಲ್ಲಿ ಸಾಮಾನಿನ ಲಾರಿ ಕುಶಾಲನಗರವನ್ನು ದಾಟಿ, ಸುಂಟಿಕೊಪ್ಪದ ತಿರುವುಗಳನ್ನು ಏರಿ ಮಡಿಕೇರಿಯನ್ನು ಸೇರುತ್ತದೆ. ಕೊಡಗಿಗೆ ರೈಲಿಲ್ಲ, ಬಂದವರೆಲ್ಲ ರಸ್ತೆಯನ್ನೇ ನಂಬಿ ಬರಬೇಕು. ಹದಿನೇಳನೆಯ ಶತಮಾನದಲ್ಲಿ ಮುದ್ದುರಾಜನು ಕಟ್ಟಿ, ಅವನ ಹೆಸರಿನಿಂದಲೇ ‘ಮುದ್ದುರಾಜನ ಕೇರಿ’ ಎನಿಸಿಕೊಂಡ ಈ ಊರು ಸಮುದ್ರಮಟ್ಟದಿಂದ ಸುಮಾರು ೧,೧೫೦ ಮೀಟರ್ ಎತ್ತರದಲ್ಲಿದೆ.

ಮೊದಲ ಹತ್ತು ದಿನ ಅವರಿನ್ನೂ ಪ್ರವಾಸಿಗಳೇ. ಸಂಜೆ ಓಂಕಾರೇಶ್ವರನ ದರ್ಶನ; ಭಾನುವಾರ ಜೀಪಿನಲ್ಲಿ ಮಾಂದಲಪಟ್ಟಿ. ಬೆಟ್ಟ ಹತ್ತುವ ಬೂಟುಗಳು ಇಬ್ಬರಿಗೂ ಬಂದಿವೆ. ತಡಿಯಂಡಮೋಳು, ಕೋಟೆಬೆಟ್ಟ, ಪುಷ್ಪಗಿರಿ ಎಂದು ಮುಂದಿನ ಭಾನುವಾರಗಳಿಗೆಲ್ಲ ಒಂದೊಂದು ಶಿಖರವನ್ನು ಗೊತ್ತುಮಾಡಿಯೂ ಆಗಿದೆ.

ಅಷ್ಟರಲ್ಲಿ ಜೂನ್ ಬರುತ್ತದೆ.

ಇಂಚುಗಳ ಲೆಕ್ಕ

ಬೆಂಗಳೂರಿನಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು ೩೮ ಇಂಚು. ಮಡಿಕೇರಿಯಲ್ಲಿ ಅದು ೧೨೦ ಇಂಚನ್ನೂ ಮೀರುತ್ತದೆ. ಅದರ ಬಹುಪಾಲು ಸುರಿಯುವುದು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿ. ಸರ್ಕಾರದ ಲೆಕ್ಕ ಮಿಲಿಮೀಟರುಗಳಿಗೆ ತಿರುಗಿ ಎಷ್ಟೋ ಕಾಲವಾಗಿದ್ದರೂ ಕೊಡಗಿನ ತೋಟಗಾರರು ಇಂದಿಗೂ ಮಳೆಯನ್ನು ಇಂಚುಗಳಲ್ಲಿಯೇ ಅಳೆಯುವರು. ಅಂಗಳದಲ್ಲಿ ಮಳೆಮಾಪಕವನ್ನಿಟ್ಟು ದಿನವೂ ಬರೆದಿಡುವ ಮನೆಗಳೂ ಇವೆ. “ನಿಮ್ಮಲ್ಲಿ ಎಷ್ಟು ಇಂಚು?” ಎಂಬುದು ಮಳೆಗಾಲದ ಕುಶಲಪ್ರಶ್ನೆ.

ಹೊಸಬರಿಗೆ ಮೊದಲ ವಾರ ಮಳೆ ಕಾವ್ಯವಾಗಿರುತ್ತದೆ. ಎರಡನೆಯ ವಾರ ಗದ್ಯವಾಗುತ್ತದೆ. ಮೂರನೆಯ ವಾರದ ಹೊತ್ತಿಗೆ ಅದು ಒಣಗದ ಬಟ್ಟೆ, ಹಸುರುಗಟ್ಟಿದ ಚಪ್ಪಲಿ, ಗಂಟುಕಟ್ಟಿದ ಉಪ್ಪು, ಬೂಸಲು ಹಿಡಿದ ಪುಸ್ತಕಗಳ ರೂಪವನ್ನು ತಾಳುತ್ತದೆ. ಗಾಳಿಗೆ ಮರ ಉರುಳಿ ತಂತಿ ಹರಿದರೆ ದೀಪವಿಲ್ಲ, ದೂರವಾಣಿಯಿಲ್ಲ. ಹೊರಗೆ ಹೆಜ್ಜೆಯಿಟ್ಟರೆ ಜಿಗಣೆ. ಹೊಸ ಬೂಟುಗಳು ಮೂಲೆ ಸೇರುತ್ತವೆ.

ಈ ಮಳೆಯ ಭಾರ ಇಬ್ಬರ ಮೇಲೂ ಸಮನಾಗಿ ಬೀಳುವುದಿಲ್ಲವೆಂಬುದನ್ನು ಗಮನಿಸಬೇಕು. ಪತಿಗೆ ಕಛೇರಿಯಿದೆ, ಹತ್ತು ಜನರ ಮಾತುಕತೆಯಿದೆ. ಊರನ್ನೂ ಉದ್ಯೋಗವನ್ನೂ ಬಿಟ್ಟು ಬಂದವಳಿಗೆ ಇರುವುದು ನಾಲ್ಕು ಗೋಡೆ ಮತ್ತು ಹಂಚಿನ ಮೇಲೆ ಬೀಳುವ ಮಳೆಯ ಸದ್ದು. ಬೆಟ್ಟಗಳು ಮಂಜಿನ ಹಿಂದೆ ಮರೆಯಾಗಿ ಎಷ್ಟೋ ದಿನಗಳಾಗಿವೆ. “ನಿಮಗೆ ವರ್ಗವಾಯಿತು, ನನಗೆ ವನವಾಸವಾಯಿತು” ಎಂಬ ಮಾತು ಜುಲೈ ತಿಂಗಳ ಒಂದು ರಾತ್ರಿ ಆಕೆಯ ಬಾಯಿಂದ ಬಂದೇಬಿಡುತ್ತದೆ. ಮರುದಿನ ಪತಿ, ಬೆಂಗಳೂರಿಗೆ ಮರಳಿ ವರ್ಗ ಕೋರಿ ಅರ್ಜಿಯೊಂದನ್ನು ಬರೆದು ಮೇಜಿನ ಸೆಳೆಖಾನೆಯಲ್ಲಿಡುತ್ತಾನೆ. ಎಷ್ಟೋ ದಂಪತಿಗಳ ಬೆಟ್ಟದ ಕನಸು ಮುಗಿಯುವುದು ಈ ಘಟ್ಟದಲ್ಲಿಯೇ.

ಕೊಡೆ ಹಿಡಿದು ಬಂದವರು

ಅರ್ಜಿ ಸೆಳೆಖಾನೆಯಲ್ಲಿಯೇ ಉಳಿಯುವುದು ಪಕ್ಕದ ಮನೆಯವರಿಂದ. ಆ ಮನೆಯ ಹಿರಿಯ ಗೃಹಿಣಿ ಒಂದು ಮಧ್ಯಾಹ್ನ ಕೊಡೆ ಹಿಡಿದು ಬರುವರು. ತಂತಿಯ ಮೇಲೆ ಮೂರು ದಿನದಿಂದ ತೂಗುತ್ತಿರುವ ಸೀರೆಯನ್ನು ನೋಡಿ ನಗುವರು. ಅಗ್ಗಿಷ್ಟಿಕೆಯ ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ ಬಟ್ಟೆ ಒಣಗಿಸುವ ಬಗೆಯನ್ನು ತೋರಿಸುವರು. ಹೊರಡುವಾಗ, “ಮಳೆ ನಿಲ್ಲಲಿ ಎಂದು ಕಾಯಬೇಡಿಯಮ್ಮ. ಇಲ್ಲಿ ಕಾದವರು ಮನೆಯಲ್ಲಿಯೇ ಉಳಿದುಬಿಡುತ್ತಾರೆ. ನಾಳೆ ಸಂತೆ, ನನ್ನ ಜೊತೆ ಬನ್ನಿ” ಎನ್ನುವರು.

ಶುಕ್ರವಾರದ ಸಂತೆ ಮಡಿಕೇರಿಯ ಒಳಬಾಗಿಲು. ಕೊಡವ ತಕ್ಕ್, ಅರೆಭಾಷೆ, ತುಳು, ಮಲೆಯಾಳ, ಬ್ಯಾರಿ, ಕನ್ನಡ ಎಲ್ಲವೂ ಒಂದೇ ಕೊಡೆಸಾಲಿನ ಕೆಳಗೆ ಕೇಳಿಬರುತ್ತವೆ. ಮಳೆಗಾಲದ ಬುಟ್ಟಿಯಲ್ಲಿ ಬಿದಿರಿನ ಕಣಿಲೆಯಿದೆ, ಕೆಸುವಿನ ಎಲೆಯಿದೆ, ಅಣಬೆಯಿದೆ. ಕಣಿಲೆಯನ್ನು ಹೆಚ್ಚಿ, ನೀರನ್ನು ಬದಲಾಯಿಸುತ್ತ ಎರಡು ಮೂರು ದಿನ ನೆನೆಸಿಟ್ಟ ಮೇಲಷ್ಟೇ ಬೇಯಿಸಬೇಕೆಂಬ ಎಚ್ಚರಿಕೆಯೂ ಅದರ ಜೊತೆಗೆ ಸಿಗುತ್ತದೆ. ಆಗಸ್ಟ್ ಆರಂಭದಲ್ಲಿ, ಕಕ್ಕಡ ಮಾಸದ ಹದಿನೆಂಟನೆಯ ದಿನ, ಪಕ್ಕದ ಮನೆಯಿಂದ ಕಡುನೇರಿಳೆ ಬಣ್ಣದ ಪಾಯಸ ಬರುತ್ತದೆ. ಅದು ಮದ್ದುಸೊಪ್ಪಿನದು. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಔಷಧಗಳ ಗುಣ ಸೇರಿರುತ್ತದೆಂದು ಕೊಡಗಿನವರ ನಂಬಿಕೆ.

ಮಳೆಗೆ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರಿದ ದಿನ, ಓಣಿಯ ಮಕ್ಕಳು ಲೆಕ್ಕದ ಪುಸ್ತಕಗಳನ್ನು ಹಿಡಿದು ಈ ಮನೆಗೆ ಬರತೊಡಗುವರು. ಅಧ್ಯಾಪಿಕೆಗೆ ಕೆಲಸ ಮರಳಿ ದೊರೆಯುವುದು ಹೀಗೆ.

ನೆರೆಯವರು ಕಲಿಸುವ ಮತ್ತೊಂದು ಪಾಠ ನಗುವಂಥದಲ್ಲ. ೨೦೧೮ರ ಆಗಸ್ಟ್ ನಡುವಿನಲ್ಲಿ ಮಡಿಕೇರಿಯ ಸುತ್ತಣ ಗುಡ್ಡಗಳು ಕುಸಿದು ಮಕ್ಕಂದೂರು, ಜೋಡುಪಾಲ ಮುಂತಾದೆಡೆಗಳಲ್ಲಿ ಮನೆ, ತೋಟ, ಜೀವಗಳು ಮಣ್ಣುಪಾಲಾದವು. ೨೦೨೦ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯ ಮಗ್ಗುಲೇ ಜರಿಯಿತು. ಆದುದರಿಂದ ಮನೆ ಹಿಡಿಯುವಾಗ ಕಿಟಕಿಯಿಂದ ಕಾಣುವ ನೋಟವನ್ನಲ್ಲ, ಮನೆಯ ಹಿಂದಿನ ‘ಬರೆ’ಯನ್ನು ಮೊದಲು ನೋಡಬೇಕು. ಗುಡ್ಡವನ್ನು ಕಡಿದು ನಿಲ್ಲಿಸಿದ ಆ ಮಣ್ಣಿನ ಗೋಡೆಯಲ್ಲಿ ಬಿರುಕು ಕಂಡರೆ, ಒಸರುವ ನೀರು ಇದ್ದಕ್ಕಿದ್ದಂತೆ ಕೆಸರಾದರೆ, ರಾತ್ರಿಯೆನ್ನದೆ ಹೊರಬೀಳಬೇಕು. ಬೆಟ್ಟವನ್ನು ಪ್ರೀತಿಸುವುದೆಂದರೆ ಅದಕ್ಕೆ ಅಂಜುವುದನ್ನೂ ಕಲಿಯುವುದು.

ಬೂಟುಗಳು ಹೊರಬಂದಾಗ

ಸೆಪ್ಟೆಂಬರಿನ ಆರಂಭದಲ್ಲಿ, ನಾಟಿಯ ಕೆಲಸ ಮುಗಿದ ಮೇಲೆ, ಕೈಲ್‌ಪೊಳ್ದ್ ಹಬ್ಬ. ಕೊಡವರ ಮನೆಗಳಲ್ಲಿ ಆಯುಧಗಳಿಗೆ ಪೂಜೆ. ಅತಿಥಿಗಳ ಎಲೆಗೆ ಕಡಂಬುಟ್ಟು. ದಸರೆಯಲ್ಲಿ ನಾಲ್ಕು ಶಕ್ತಿದೇವತೆಗಳ ಕರಗಗಳು ಹೊರಡುವುವು. ವಿಜಯದಶಮಿಯ ಇರುಳೆಲ್ಲ ದೀಪಗಳಿಂದ ಬೆಳಗುವ ಹತ್ತು ಮಂಟಪಗಳು ಬೀದಿಯಲ್ಲಿ ಸಾಗುವುವು. ಅಕ್ಟೋಬರ್ ನಡುವಿನ ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ತೀರ್ಥೋದ್ಭವ. ಮನೆಯ ದೇವರ ಗೂಡಿಗೆ ಕಾವೇರಿಯ ನೀರು ಬಂದ ದಿನ, ಬಾಡಿಗೆಯ ಮನೆ ತನ್ನ ಮನೆಯಂತೆ ತೋರತೊಡಗುತ್ತದೆ.

ಮಂಜು ಸರಿದು ಬೆಟ್ಟಗಳು ಮತ್ತೆ ಕಾಣಿಸಿಕೊಂಡಾಗ ಬೂಟುಗಳು ಮೂಲೆಯಿಂದ ಹೊರಬರುತ್ತವೆ. ಕಕ್ಕಬ್ಬೆಯ ಬಳಿ, ದೊಡ್ಡವೀರರಾಜೇಂದ್ರನು ಕಟ್ಟಿಸಿದ ನಾಲ್ಕುನಾಡು ಅರಮನೆಯ ಪಕ್ಕದಿಂದ ತಡಿಯಂಡಮೋಳಿನ ದಾರಿ ಏರುತ್ತದೆ. ಕೊಡಗಿನ ಅತ್ಯುನ್ನತ ಶಿಖರವಿದು. ಎತ್ತರ ೧,೭೪೮ ಮೀಟರ್. ಕಾಡಿನ ನೆರಳು ಕಳೆದು ಹುಲ್ಲುಗಾವಲಿನ ಕಡಿದಾದ ಏರು ಬಂದಾಗ ಮುಂದೆ ನಡೆಯುವವಳು ಪತ್ನಿ; ಏದುಸಿರು ಬಿಡುತ್ತ ಹಿಂದೆ ಉಳಿಯುವವನು ಪತಿ. ಮಳೆಯಲ್ಲಿ ಕೊಡೆ ಹಿಡಿದು ದಿನವೂ ಏರಿಳಿದ ಕಾಲುಗಳಿಗೂ ಕಛೇರಿಯ ಕುರ್ಚಿಯ ಕಾಲುಗಳಿಗೂ ಅಷ್ಟು ವ್ಯತ್ಯಾಸವಿರಲೇಬೇಕಷ್ಟೆ!

ನವೆಂಬರ್ ಕೊನೆಗೋ ಡಿಸೆಂಬರ್ ಮೊದಲಿಗೋ ಪುತ್ತರಿಯ ಹುಣ್ಣಿಮೆ. ರಾತ್ರಿ ಗದ್ದೆಗಿಳಿದು ಹೊಸ ಭತ್ತದ ತೆನೆಯನ್ನು ಕೊಯ್ಯುವಾಗ ಕೋವಿಯ ಸದ್ದು ಬೆಟ್ಟದಿಂದ ಬೆಟ್ಟಕ್ಕೆ ಹಾಯುತ್ತದೆ. ತೋಟಗಳಲ್ಲಿ ಆಗಲೇ ಅರೇಬಿಕಾ ಹಣ್ಣಿನ ಕೊಯ್ಲು. ಹೊಸ ವರ್ಷದಲ್ಲಿ ರೊಬಸ್ಟಾ ಸರದಿ. ಕ್ರಿಸ್ಮಸ್ ರಜೆಗೆ ಬಂದ ಬೆಂಗಳೂರಿನ ನೆಂಟರು ರಾಜಾಸೀಟಿನಲ್ಲಿ ಕುಳಿತು, “ನಿಮ್ಮ ಪುಣ್ಯ!” ಎನ್ನುವರು. ಆ ಪುಣ್ಯಕ್ಕೆ ಎಷ್ಟು ಇಂಚು ತೆರಬೇಕಾಯಿತೆಂಬುದು ದಂಪತಿಗಳಿಗೆ ಮಾತ್ರ ಗೊತ್ತು.

ಕಾಯುವ ಕಣ್ಣು

ಫೆಬ್ರವರಿ ಕಳೆಯುತ್ತಲೇ ಕೊಡಗು ಮುಗಿಲನ್ನು ನೋಡತೊಡಗುತ್ತದೆ. ಕಾಫಿಯ ಮೊಗ್ಗು ಅರಳಲು ಬೇಸಗೆಯ ನಡುವೆ ‘ಹೂಮಳೆ’ ಬರಬೇಕು. ಒಂದು ಇಂಚಾದರೂ ಬಂದರೆ ತೋಟಗಾರನ ಮುಖ ಅರಳುತ್ತದೆ. ಅದು ತಪ್ಪಿದರೆ ವರ್ಷದ ಬೆಳೆಯೇ ಸೊರಗುತ್ತದೆ. ಮಳೆ ಬಿದ್ದ ಒಂದು ವಾರ, ಹತ್ತು ದಿನಗಳಲ್ಲಿ ಗಿಡಗಳೆಲ್ಲ ಬೆಳ್ಳಗಾಗಿ, ಮಲ್ಲಿಗೆಯನ್ನು ಹೋಲುವ ಪರಿಮಳ ಊರೊಳಗೂ ತುಂಬುತ್ತದೆ. ಎರಡು ಮೂರು ದಿನಗಳಲ್ಲಿ ಹೂವು ಕಂದುತ್ತದೆ.

ಒಂದು ಗೇಣು ತೋಟವೂ ಇಲ್ಲದ ಈ ದಂಪತಿಗಳು ಕೂಡ ಆ ದಿನಗಳಲ್ಲಿ ಸಂಜೆ ಹೊರಗೆ ಬಂದು ಮೋಡಗಳನ್ನು ನೋಡುವರು. ಜುಲೈಯಲ್ಲಿ ಮಳೆ ನಿಲ್ಲಲೆಂದು ಹರಕೆ ಹೊತ್ತವರು ಮಾರ್ಚಿಯಲ್ಲಿ ಮಳೆ ಬರಲೆಂದು ಹಾರೈಸುವರು. ಊರಿನ ಕಷ್ಟಸುಖ ತಮ್ಮದಾಗುವುದೆಂದರೆ ಇದೇ. ಬೆಟ್ಟದ ಸೊಬಗನ್ನು ಸವಿಯಲು ಎರಡು ದಿನದ ರಜೆ ಸಾಕು. ಬೆಟ್ಟದೂರಿನವರಾಗಲು ಒಂದು ಮಳೆಗಾಲವನ್ನು ನೆರೆಯವರ ಜೊತೆಗೂಡಿ ನೆನೆಯಬೇಕು. ಇಷ್ಟನ್ನು ಅರಿತ ಮೇಲೆ ಸೆಳೆಖಾನೆಯಲ್ಲಿರುವ ಅರ್ಜಿಯ ನೆನಪು ಇಬ್ಬರಿಗೂ ಬರುವುದು ಅಪರೂಪ.